ಕಾಯಿಲೆ ಬಿದ್ದ ಕೆಲಸಗಾರ ಇಎಸ್ಐನ (ಕಾರ್ಮಿಕರ ವಿಮೆ) 91 ದಿನ ಮುಗಿದರೂ ಬಂದಿಲ್ಲ, ರಕ್ಷಣೆ ಮುಗಿದಿದೆ, ತೆಗೆಯಬಹುದಾ?

ಬೇಡ. ಪತ್ರ ಟೈಪ್ ಮಾಡಿಟ್ಟಿದ್ದರೆ ಡ್ರಾಯರ್‌ನಲ್ಲೇ ಇರಲಿ, ಕಳಿಸಬೇಡಿ.

2018ರಲ್ಲಿ ಇದೇ ಪ್ರಶ್ನೆ ಹಿಡಿದು ನಾನೂ ಕಂಡಕಂಡವರನ್ನೆಲ್ಲ ಕೇಳಿದ್ದೆ. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಫೌಂಡ್ರಿಗಳಿಂದ ಕಾಸ್ಟಿಂಗ್ (ಎರಕದ ಬಿಡಿಭಾಗ) ಬರುತ್ತದೆ, ನಾವು ಟರ್ನಿಂಗ್, ಡ್ರಿಲ್ಲಿಂಗ್ ಮಾಡಿ ಕಳಿಸುತ್ತೇವೆ. ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಮಷಿನ್) ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗನಿದ್ದ. ಒಳ್ಳೆ ಕೈ. ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ಸವೆದಿದೆ ಅಂತ ಸದ್ದಿನಲ್ಲೇ ಹೇಳುತ್ತಿದ್ದ. ಅವನಿಗೆ ಬೆನ್ನು ನೋವು ಶುರುವಾಯ್ತು. ಭಾರ ಎತ್ತಿ ಹಿಡಿದುಕೊಂಡಿರಬೇಕು ಅಂತ ಎಲ್ಲರೂ ಅಂದೆವು. ಸ್ಕ್ಯಾನ್ ಮಾಡಿಸಿದರೆ ಬೆನ್ನುಮೂಳೆಗೆ ಟಿಬಿ.

ಇಎಸ್ಐನವರು ವರ್ಷಕ್ಕೆ 91 ದಿನ, ಸಂಬಳದ ಶೇ 70ರ ಲೆಕ್ಕದಲ್ಲಿ ಕಾಯಿಲೆ ಭತ್ಯೆ ಕೊಡುತ್ತಾರೆ. ಅದು ಮುಗಿಯಿತು. ಹುಡುಗ ಬರಲಿಲ್ಲ. ಮಷಿನ್ ಖಾಲಿ, ಆರ್ಡರ್ ತಲೆ ಮೇಲೆ. ಹತ್ತು ದಿನದಲ್ಲಿ ಬರದಿದ್ದರೆ ಕೆಲಸ ಬಿಟ್ಟಂತೆ ಅಂತ ರಿಜಿಸ್ಟರ್ ಪೋಸ್ಟ್ ಹಾಕಿದೆ.

ಪತ್ರ ಒಂದೇ ಆಗಿದ್ದರೆ ವಾಪಸ್ ತಗೊಂಡು ಕ್ಷಮೆ ಕೇಳಬಹುದಿತ್ತು. ನಾನು ಕೆಟ್ಟಿದ್ದು ಒಂದು ಅಂಕಿಯಿಂದ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಯಾರೂ ಹೇಳುವುದಿಲ್ಲ. ತಿಂಗಳ ಇಎಸ್ಐ ಕಂತು ತುಂಬುವಾಗ ಯಾರದ್ದಾದರೂ ಕೆಲಸದ ದಿನ ಸೊನ್ನೆ ಅಂತ ಹಾಕಿದರೆ ಇಎಸ್ಐ ವೆಬ್‌ಸೈಟ್ ಕಾರಣದ ಅಂಕಿ ಕೇಳುತ್ತದೆ. 1 ಅಂದರೆ ರಜೆಯಲ್ಲಿದ್ದಾರೆ. 2 ಅಂದರೆ ಕೆಲಸ ಬಿಟ್ಟಿದ್ದಾರೆ. ಅಲ್ಲಿಯವರೆಗೂ ನಮ್ಮ ಕನ್ಸಲ್ಟೆಂಟ್ 1 ಹಾಕುತ್ತಿದ್ದರು. "ಅವನು ಇನ್ನು ಬರಲ್ಲ ಬಿಡಿ, ಹೆಸರು ತೆಗೀರಿ" ಅಂತ ಫೋನಿನಲ್ಲಿ ಹೇಳಿದ್ದು ನಾನೇ. ಅವರು 2 ಹಾಕಿದರು. ಕೊಟ್ಟ ಹತ್ತು ದಿನ ಕೂಡ ಇನ್ನೂ ಮುಗಿದಿರಲಿಲ್ಲ! ಟಿಬಿ ಅಂದರೆ ಇಎಸ್ಐನ 34 ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿರುವಂಥದ್ದು. ಎರಡು ವರ್ಷ ಸರ್ವಿಸ್ ಆಗಿ ಕಂತೂ ಸರಿಯಾಗಿ ಕಟ್ಟಿದ್ದರೆ 91 ದಿನ ಆದ ಮೇಲೂ ಶೇ 80ರಂತೆ ದುಡ್ಡು ಬರುತ್ತದೆ. ಅವನಿಗೆ ಎಲ್ಲ ಅರ್ಹತೆಯೂ ಇತ್ತು, ಅರ್ಜಿಯೂ ಹೋಗಿತ್ತು. ಅಷ್ಟರಲ್ಲಿ ಕಂಪ್ಯೂಟರ್‌ನಲ್ಲಿ ಇವನು ಕೆಲಸ ಬಿಟ್ಟವನು ಅಂತ ಬಂತು. ಅರ್ಜಿ ಅಲ್ಲೇ ನಿಂತಿತು.

ಅವನಪ್ಪ ನನ್ನ ಪತ್ರವನ್ನು ಪ್ಲಾಸ್ಟಿಕ್ ಕವರ್‌ನಲ್ಲಿಟ್ಟುಕೊಂಡು ಬಂದರು. "ಇವನು ಕೆಲಸ ಬಿಟ್ಟಿದ್ದು ಯಾವಾಗ ಮಾರಾಯ್ರೆ? ಹಾಸಿಗೆ ಬಿಡೋಕೇ ಆಗ್ತಿಲ್ಲ ಅವನಿಗೆ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಲೇಬರ್ ಆಫೀಸು, ವಕೀಲರು, ತಿದ್ದುಪಡಿಗೆ ಅರ್ಜಿ. ಹಣ ಬಿಡುಗಡೆ ಆಗುವವರೆಗೆ ಅವರ ಮನೆ ಖರ್ಚು ನಾನೇ ಕೊಟ್ಟೆ. ಅದಕ್ಕಿಂತ ಜಾಸ್ತಿ ಹೊಡೆತ ಬೇರೆ. ಅವನ ಚಿಕ್ಕಪ್ಪನ ಮಗನೂ ನಮ್ಮಲ್ಲೇ ಆಪರೇಟರ್ ಆಗಿದ್ದ. ಒಂದು ಮಾತೂ ಆಡದೆ ಲೆಕ್ಕ ಮುಗಿಸಿಕೊಂಡು ಬೆಂಗಳೂರಿನ ಪೀಣ್ಯಕ್ಕೆ ಹೋದ. ಕೈ ಕುದುರಿದ ಹುಡುಗರೆಲ್ಲ ಅಲ್ಲಿಗೇ ಓಡುವ ಕಾಲದಲ್ಲಿ ಇದ್ದವನನ್ನೂ ನಾನೇ ಓಡಿಸಿದೆ.

ನಿಮ್ಮ ಪ್ರಶ್ನೆಯಲ್ಲೇ ಒಂದು ಎಡವಟ್ಟಿದೆ. "ರಕ್ಷಣೆ ಮುಗಿದಿದೆ" ಅಂತ ಬರೆದಿದ್ದೀರಿ. ಮುಗಿದಿರುವುದು ಭತ್ಯೆಯ ದಿನಗಳು. 1948ರ ಇಎಸ್ಐ ಕಾಯ್ದೆಯ 73ನೇ ಕಲಂ ಪ್ರಕಾರ ಭತ್ಯೆ ಪಡೆಯುತ್ತಿರುವಾಗ ಮಾತ್ರವಲ್ಲ, ಚಿಕಿತ್ಸೆಯಲ್ಲಿರುವಾಗಲೂ ಸುಮ್ನೆ ತೆಗೆಯುವಂತಿಲ್ಲ. ಆ ಅವಧಿಯಲ್ಲಿ ಕೊಟ್ಟ ನೋಟಿಸ್‌ಗೆ ಬೆಲೆಯೇ ಇಲ್ಲ. 1950ರ ನಿಯಮಾವಳಿಯ 98ನೇ ನಿಯಮ ಸಾಮಾನ್ಯ ಕಾಯಿಲೆಗೆ ಸತತ ಆರು ತಿಂಗಳು, ಟಿಬಿಯಂಥದ್ದಕ್ಕೆ 18 ತಿಂಗಳು ಕಾಯಿರಿ ಅನ್ನುತ್ತದೆ. ಆಮೇಲೂ ನೇಮಕದ ಷರತ್ತಿನಲ್ಲಿ ಅವಕಾಶವಿದ್ದರೆ ಮಾತ್ರ, ಅದೂ ನೋಟಿಸ್ ಕೊಟ್ಟು. ಇದು ನನ್ನ ಕಾಲದ ಲೆಕ್ಕ. 2025ರ ನವೆಂಬರ್ 21ರಿಂದ ಈ ಹಳೆ ಕಾಯ್ದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿದೆ, ಹಾಗಾಗಿ ಏನೇ ಬರೆಯುವ ಮೊದಲು ಹೊಸದನ್ನು ಗೊತ್ತಿದ್ದವರ ಕೈಯಲ್ಲಿ ನೋಡಿಸಿ.

ರಾಜೀನಾಮೆ ಬರೆಸಿಕೊಂಡರೆ ಸುಲಭ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೂ ಹೇಳಿದರು. ದಯವಿಟ್ಟು ಆ ಕೆಲಸ ಮಾಡಬೇಡಿ, ಅದು ಕಾಯಿಲೆ ಬಿದ್ದವನ ಗ್ರಾಚ್ಯುಟಿ (ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಸಿಗುವ ಇಡಿಗಂಟು) ಕಿತ್ತುಕೊಂಡ ಹಾಗೆ. ತಾನಾಗಿ ಬಿಟ್ಟವನಿಗೆ ಐದು ವರ್ಷ ಆಗಿರಬೇಕು. ಕಾಯಿಲೆಯಿಂದ ಮೊದಲಿನ ಕೆಲಸ ಮಾಡಲಾಗದೆ ಹೋದವನಿಗೆ 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಆ ಐದು ವರ್ಷದ ಷರತ್ತಿರಲಿಲ್ಲ.

ನಮ್ಮ ಹುಡುಗನಿಗೆ ಇನ್‌ಸ್ಪೆಕ್ಷನ್ ಟೇಬಲ್ ಕೊಡುತ್ತೇನೆ, ಕೂತುಕೊಂಡು ವರ್ನಿಯರ್ (ಅಳತೆಯ ಸಾಧನ) ಹಿಡಿದರೆ ಸಾಕು ಅಂದೆ. ಆಗಲ್ಲ ಸಾರ್ ಅಂದ. ಕೂರುವುದೇ ಕಷ್ಟವಂತೆ. ಜೊತೆಗೆ ಊರಿಂದ ಶಿವಮೊಗ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಭದ್ರಾವತಿ ಕಡೆಗೆ ಇನ್ನೊಂದು. 2020ರ ಶುರುವಿನಲ್ಲಿ, 18 ತಿಂಗಳು ಆದ ಮೇಲೆ, ಡಾಕ್ಟರ ಸರ್ಟಿಫಿಕೇಟ್ ಇಟ್ಟುಕೊಂಡು ಅವನನ್ನೂ ಅವನಪ್ಪನನ್ನೂ ಕೂರಿಸಿ ಮಾತಾಡಿ ನೋಟಿಸ್ ಕೊಟ್ಟೆ. ಸರ್ವಿಸ್ ಮೂರು ವರ್ಷ ಎಂಟು ತಿಂಗಳು, ಆರು ತಿಂಗಳಿಗಿಂತ ಜಾಸ್ತಿ ಇದ್ದಿದ್ದರಿಂದ ನಾಲ್ಕು ವರ್ಷ ಅಂತಲೇ ಲೆಕ್ಕ. ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 13,000. ಅದನ್ನು 26ರಿಂದ ಭಾಗಿಸಿ 15 ದಿನದಂತೆ ನಾಲ್ಕು ವರ್ಷಕ್ಕೆ 30,000 ರೂಪಾಯಿ. ವಕೀಲರಿಗೆ ನಾನು ಕೊಟ್ಟಿದ್ದು ಇದಕ್ಕಿಂತ ಹೆಚ್ಚು.

ನಿಮ್ಮ ಕೆಲಸಗಾರನಿಗೆ ಯಾವ ಕಾಯಿಲೆ ಅಂತ ನೀವು ಬರೆದೇ ಇಲ್ಲ. ಮೊದಲು ಸರ್ಟಿಫಿಕೇಟ್ ತೆಗೆದು ನೋಡಿ, ದೀರ್ಘ ಕಾಯಿಲೆಯ ಪಟ್ಟಿಯಲ್ಲಿದ್ದರೆ ಅರ್ಜಿ ಹಾಕಿಸಿ. ಕಂತು ತುಂಬಲು 15ನೇ ತಾರೀಖೇ ಕೊನೆ ಅಲ್ವಾ? ಇವತ್ತೇ ಕನ್ಸಲ್ಟೆಂಟ್‌ಗೆ ಫೋನ್ ಮಾಡಿ, ಏನು ಹಾಕುತ್ತಿದ್ದಾರೆ ಕೇಳಿ.