ಬೆಂಗಳೂರಿನಲ್ಲಿ ಅತಿ ಹೆಚ್ಚು ಜನರಿಗೆ ಕೆಲಸ ಕೊಡುವ ಟೆಕ್ ಕಂಪನಿಗಳು ಯಾವುವು?

ನಿಮ್ಮ ತಮ್ಮ ಬಿಇ ಮುಗಿಸಿದ್ದಾನೆ, ಬೆಂಗಳೂರಿನಲ್ಲಿ ಜಾಸ್ತಿ ಜನರನ್ನು ತೆಗೆದುಕೊಳ್ಳುವ ಟೆಕ್ ಕಂಪನಿಗಳು ಯಾವುವು, ರೂಮು ಎಲ್ಲಿ ಮಾಡಿದರೆ ಅನುಕೂಲ ಅಂತ ಕೇಳಿದ್ದೀರಿ. ನಾನು ಈ ಊರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾ ಹನ್ನೆರಡು ವರ್ಷವಾಯಿತು. ನಾನು ಕಂಡಿದ್ದನ್ನು ಹೇಳುತ್ತೇನೆ.

ತಲೆ ಎಣಿಸಿದರೆ ಮುಂದೆ ನಿಲ್ಲುವುದು ಸರ್ವಿಸ್ ಕಂಪನಿಗಳೇ, ಅಂದರೆ ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವವರು: ಇನ್ಫೋಸಿಸ್, ವಿಪ್ರೊ, ಟಿಸಿಎಸ್, ಅಕ್ಸೆಂಚರ್, ಕಾಗ್ನಿಜೆಂಟ್, ಕ್ಯಾಪ್‌ಜೆಮಿನಿ, ಐಬಿಎಂ. ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಶುರುವಾಗಿ, 1983ರಲ್ಲಿ ಬೆಂಗಳೂರಿಗೆ ಬಂತು. ಅದರ ಕೇಂದ್ರ ಕಚೇರಿ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿದೆ, ವಿಪ್ರೊದ್ದು ಸರ್ಜಾಪುರ ರಸ್ತೆಯಲ್ಲಿದೆ. ಟಿಸಿಎಸ್ ಮುಂಬೈನದಾದರೂ ಇಲ್ಲಿ ವೈಟ್‌ಫೀಲ್ಡ್‌ನಲ್ಲೂ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲೂ ಕ್ಯಾಂಪಸ್ ಇಟ್ಟಿದೆ.

ಆದರೆ ಒಂದು ಮಾತು. ಇನ್ಫೋಸಿಸ್‌ನಲ್ಲಿ 3 ಲಕ್ಷಕ್ಕೂ ಹೆಚ್ಚು ಜನ, ವಿಪ್ರೊದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಅಂತ ಓದುತ್ತೀರಲ್ಲ, ಅದು ಇಡೀ ಪ್ರಪಂಚದ ಲೆಕ್ಕ. ಯಾವ ಊರಿನಲ್ಲಿ ಎಷ್ಟು ಜನ ಅಂತ ಕಂಪನಿಗಳು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ. ಹೆಡ್ ಆಫೀಸು ಬೆಂಗಳೂರಿನಲ್ಲಿದ್ದ ಮಾತ್ರಕ್ಕೆ ನಿಮ್ಮ ತಮ್ಮನ ಕುರ್ಚಿಯೂ ಇಲ್ಲೇ ಇರುತ್ತದೆ ಅನ್ನುವ ಹಾಗಿಲ್ಲ.

ಇದನ್ನು ನಾನು ಅನುಭವಿಸಿದ್ದೇನೆ. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಒಂದು ದೊಡ್ಡ ಸರ್ವಿಸ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಬೆಂಗಳೂರೇ ಅಂದುಕೊಂಡು ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ರೂಮಿಗೆ 30 ಸಾವಿರ ಅಡ್ವಾನ್ಸ್ ಕೊಟ್ಟರು. ಟ್ರೈನಿಂಗಿನ ಕೊನೆಯ ದಿನ ಮೇಲ್ ತೆರೆದರೆ ಪೋಸ್ಟಿಂಗ್ ಚೆನ್ನೈ! ಮನೆ ಮಾಲೀಕರು ಒಂದು ತಿಂಗಳ ಬಾಡಿಗೆ, ಪೇಂಟಿಂಗ್ ಖರ್ಚು ಅಂತ ಹಿಡಿದುಕೊಂಡು ಉಳಿದದ್ದನ್ನು ವಾಪಸ್ ಕೊಟ್ಟರು. ಅಪ್ಪ ಏನೂ ಅನ್ನಲಿಲ್ಲ. ನೋಟುಗಳನ್ನು ಎರಡು ಸಲ ಎಣಿಸಿ ಜೇಬಿನಲ್ಲಿಟ್ಟುಕೊಂಡರು. ನಾನು ಬೆಂಗಳೂರಿಗೆ ಬರಲು ಎರಡು ವರ್ಷ ಹಿಡಿಯಿತು.

ಇನ್ನೊಂದು ಗುಂಪು ಜಿಸಿಸಿಗಳು, ಅಂದರೆ ಹೊರದೇಶದ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆದ ಕೇಂದ್ರಗಳು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ದಾರಿ ತೋರಿಸಿತು. ಈಗ ಬಾಷ್, ಎಸ್‌ಎಪಿ ಲ್ಯಾಬ್ಸ್, ಮರ್ಸಿಡಿಸ್ ಬೆಂಝ್, ಗೋಲ್ಡ್‌ಮನ್ ಸ್ಯಾಕ್ಸ್, ವಾಲ್‌ಮಾರ್ಟ್ ಎಲ್ಲರೂ ಇದ್ದಾರೆ. ಒಂದೊಂದೂ ಸರ್ವಿಸ್ ಕಂಪನಿಗಳಿಗಿಂತ ಚಿಕ್ಕದು, ಆದರೆ ಎಲ್ಲ ಸೇರಿದರೆ ದೊಡ್ಡ ಸಂಖ್ಯೆ. ಸಂಬಳವೂ ಸಾಮಾನ್ಯವಾಗಿ ಜಾಸ್ತಿ. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಫ್ರೆಶರ್ ಸಂಬಳ ಎಷ್ಟೋ ವರ್ಷಗಳಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಬೆಲೆಗಳು ಎಲ್ಲಿಗೆ ಹೋಗಿವೆ ನೋಡಿ, ಇದು ನಿಜಕ್ಕೂ ಅನ್ಯಾಯ. ಹಾಗಂತ ಬೇಡ ಅನ್ನಬೇಡಿ. ಫ್ರೆಶರ್‌ಗಳನ್ನು ಸಾವಿರಗಟ್ಟಲೆ ತೆಗೆದುಕೊಂಡು ಕಲಿಸುವುದು ಅವರೇ. ಎರಡು ವರ್ಷ ಅಲ್ಲಿ ಕಲಿತು ಜಿಸಿಸಿಗೆ ಹೋದವರು ನನ್ನ ಸ್ನೇಹಿತರಲ್ಲೇ ಬೇಕಾದಷ್ಟಿದ್ದಾರೆ.

ಜಿಸಿಸಿಯಲ್ಲಿ ಕೆಲಸ ಅಂತ ಯಾರಾದರೂ ಕರೆದರೆ ಆಫರ್ ಲೆಟರ್‌ನಲ್ಲಿ ಯಾರ ಹೆಸರಿದೆ ನೋಡಿ. ಕೂರುವುದು ಆ ಆಫೀಸಿನಲ್ಲೇ ಆದರೂ ಪೇರೋಲ್, ಅಂದರೆ ಸಂಬಳ ಕೊಡುವುದು, ಬೇರೆ ಕಂಪನಿಯದ್ದಾಗಿರಬಹುದು. ಪ್ರಾಜೆಕ್ಟ್ ಮುಗಿದರೆ ಮೊದಲು ಹೊರಗೆ ಹೋಗುವುದು ಹಾಗೆ ಸೇರಿದವರೇ. ಕೆಲಸ ಕೊಡಿಸಲು ದುಡ್ಡು ಕೇಳಿದವರಿಗಂತೂ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ರೂಮು. ಪೋಸ್ಟಿಂಗ್ ಕೈಗೆ ಬರುವವರೆಗೂ ಅಡ್ವಾನ್ಸ್ ಕೊಡಬೇಡಿ, ಪಿಜಿ ಸಾಕು. ನನ್ನನ್ನು ಕೇಳಿದರೆ ಬಿಟಿಎಂ ಲೇಔಟ್ ಒಳ್ಳೆಯದು. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲೆ ಅಲ್ಲಿಂದ ಎಲೆಕ್ಟ್ರಾನಿಕ್ಸ್ ಸಿಟಿಗೆ ಟ್ರಾಫಿಕ್ ಕಾಟವಿಲ್ಲದೆ ಹೋಗಬಹುದು. ಔಟರ್ ರಿಂಗ್ ರೋಡಿನಲ್ಲಿ ಇಂಟರ್‌ವ್ಯೂ ಇದ್ದರೆ ಸಿಲ್ಕ್ ಬೋರ್ಡ್‌ನಿಂದ 500ಡಿ ಬಸ್ಸು ಹಿಡಿಯಲಿ, ಹೆಬ್ಬಾಳದವರೆಗೂ ಹೋಗುತ್ತದೆ. ಕೆಲಸ ವೈಟ್‌ಫೀಲ್ಡ್ ಕಡೆ ಸಿಕ್ಕರೆ ಮಾತ್ರ ನೇರಳೆ ಮೆಟ್ರೊ ಸಾಲಿಗೆ ಮನೆ ಬದಲಾಯಿಸಿ.