ಓದುಗರ ಪ್ರಶ್ನೆ: ತರಬೇತುದಾರ ಎಷ್ಟು ಕೇಳಿಸಿಕೊಳ್ಳಬೇಕು?

ಪ್ರಶ್ನೆ: ನಮ್ಮ ಸಭೆಯ ಯುವಜನ ಸಂಘದ ವಾಲಿಬಾಲ್ ತಂಡಕ್ಕೆ ನಾನು ತರಬೇತಿ ಕೊಡುತ್ತೇನೆ. ಕಿವಿಗೊಡುವುದರಲ್ಲಿ ಚುರುಕಾಗಿಯೂ ಮಾತಾಡುವುದರಲ್ಲಿ ನಿಧಾನವಾಗಿಯೂ ಇರಬೇಕೆಂಬ ಯಾಕೋಬನ ಪತ್ರಿಕೆಯ ಮಾತಿನ (1:19) ಮೇಲೆ ಸಭಾಪಾಲಕರು ಈಚೆಗೆ ಪ್ರಸಂಗ ಮಾಡಿದರು. ಆದರೆ ಅಂಗಣದಲ್ಲಿ ಎಲ್ಲರ ಮಾತಿಗೂ ಕಿವಿಗೊಟ್ಟರೆ ತರಬೇತುದಾರನ ಮಾತಿಗೆ ಬೆಲೆ ಉಳಿದೀತೇ?
– ಓದುಗರೊಬ್ಬರು, ಉಡುಪಿ

ಉತ್ತರ: ವಾಲಿಬಾಲ್‌ನಲ್ಲಿ ಟೈಮ್‌ಔಟ್, ಅಂದರೆ ತಂಡ ಕೇಳಿ ಪಡೆಯುವ ವಿರಾಮ, ಬರೀ 30 ಸೆಕೆಂಡು. ಅಷ್ಟರಲ್ಲಿ ಆರು ಮಂದಿಯ ಅಭಿಪ್ರಾಯ ಕೇಳಹೊರಟರೆ ಇಬ್ಬರು ಬಾಯಿ ತೆರೆಯುವಷ್ಟರಲ್ಲಿ ಸೀಟಿ ಕೇಳಿಸುತ್ತದೆ. ನಿಮ್ಮ ಅಳುಕು ಸರಿಯಾದದ್ದೇ. ಆದರೆ ಕೇಳಿಸಿಕೊಳ್ಳುವ ಕೆಲಸ ಆ ಹೊತ್ತಿನದಲ್ಲ, ಅದಕ್ಕೂ ಹಿಂದಿನ ದಿನಗಳದು.

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2015ರ ಫೈನಲ್ಸ್ ಸರಣಿಯಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಕ್ಲೀವ್‌ಲ್ಯಾಂಡ್ ಎದುರು 1-2 ಪಂದ್ಯಗಳಿಂದ ಹಿಂದೆ ಬಿದ್ದಿತ್ತು. ಆಗ ನಿಕ್ ಯುರೆನ್ ಎಂಬ 28 ವರ್ಷದ ಸಹಾಯಕ, ಹಿಂದಿನ ವರ್ಷದ ಫೈನಲ್ಸ್‌ನ ವಿಡಿಯೊಗಳನ್ನು ನೋಡಿ, ಎತ್ತರದ ಆಂಡ್ರ್ಯೂ ಬೋಗಟ್‌ರನ್ನು ಕೂರಿಸಿ, ಆ ಋತುವಿನಲ್ಲಿ ಒಂದು ಪಂದ್ಯದಲ್ಲೂ ಆರಂಭದ ಐವರಲ್ಲಿ ಇರದಿದ್ದ ಆಂಡ್ರೆ ಇಗುಡಾಲರನ್ನು ಇಳಿಸಬಹುದೆಂದು ಸೂಚಿಸಿದರು. ತರಬೇತುದಾರ ಸ್ಟೀವ್ ಕೆರ್ ಒಪ್ಪಿದರು. ನಾಲ್ಕನೆಯ ಪಂದ್ಯದ ಮೊದಲ ಏಳು ಅಂಕಗಳೂ ಎದುರಾಳಿಗೇ ಹೋದವು. ಆದರೂ ವಾರಿಯರ್ಸ್ 103-82ರಿಂದ ಗೆದ್ದರು, ಸರಣಿಯನ್ನು 4-2ರಿಂದ ಮುಗಿಸಿದರು, ಇಗುಡಾಲ ಫೈನಲ್ಸ್‌ನ ಶ್ರೇಷ್ಠ ಆಟಗಾರರಾದರು. ಗೆಲುವಿಗಿಂತ ನನಗೆ ಹಿಡಿಸಿದ್ದು, ಆಲೋಚನೆ ಯುರೆನ್‌ರದೆಂದು ಕೆರ್ ಬಹಿರಂಗವಾಗಿ ಹೇಳಿದ್ದು. ತೀರ್ಮಾನ ಮಾತ್ರ ಕೆರ್ ಅವರದೇ. ಸೋತಿದ್ದರೆ ಬೈಗುಳವೂ ಅವರ ಪಾಲಿಗೇ ಬರುತ್ತಿತ್ತು.

ಕ್ರೈಸ್ತ ಪರಂಪರೆಯಲ್ಲಿ ಇದು ಹಳೆಯ ವಿಚಾರ. ಆರನೆಯ ಶತಮಾನದ ಇಟಲಿಯಲ್ಲಿ ಸಂತ ಬೆನೆಡಿಕ್ಟರು ಸನ್ಯಾಸಿಗಳಿಗೆ ಬರೆದ ನಿಯಮಾವಳಿ ‘ಕೇಳು’, ಅಂದರೆ ಕಿವಿಗೊಡು, ಎಂಬ ಪದದಿಂದಲೇ ತೊಡಗುತ್ತದೆ. ಮಹತ್ವದ ವಿಷಯ ಬಂದಾಗ ಮಠಾಧಿಪತಿಯು ಎಲ್ಲರನ್ನೂ ಕರೆದು ಕೇಳಬೇಕು, ಏಕೆಂದರೆ ಉತ್ತಮವಾದದ್ದನ್ನು ದೇವರು ಎಷ್ಟೋ ಸಲ ಕಿರಿಯರಿಗೆ ತೋರಿಸಿಕೊಡುತ್ತಾನೆ ಎನ್ನುತ್ತದೆ ಅದರ ಮೂರನೆಯ ಅಧ್ಯಾಯ. ಕೇಳಿದ ಮೇಲೆ ನಿರ್ಧಾರ ಮಠಾಧಿಪತಿಯದು ಎಂಬುದೂ ಅಲ್ಲಿಯೇ ಇದೆ.

ಕಿರಿಯರಿಂದ ಕೇಳುವುದು ಎಷ್ಟು ಕಷ್ಟವೆಂದು ತಿಳಿಯಲು ಬೈಬಲಿನ 1 ಸಮುವೇಲ 3ನೆಯ ಅಧ್ಯಾಯ ಓದಿ. ನಾವು ಸಾಮಾನ್ಯವಾಗಿ ರಾತ್ರಿ ದೇವರ ಕರೆ ಕೇಳಿ ಎದ್ದ ಬಾಲಕ ಸಮುವೇಲನ ಬಗ್ಗೆ ಮಾತಾಡಿ ಮುಗಿಸುತ್ತೇವೆ. ನನ್ನ ಕಣ್ಣು ಹೋಗುವುದು ಅವನ ಗುರು, ಮುದುಕ ಯಾಜಕ ಏಲಿಯ ಕಡೆಗೆ. ಬೆಳಗ್ಗೆ ಆ ಹುಡುಗ ಹೇಳಬೇಕಾಗಿದ್ದದ್ದು ಏಲಿಯ ಮನೆತನದ ನಾಶದ ಸುದ್ದಿ. ಸಮುವೇಲ ಹೆದರಿದಾಗ, ಒಂದನ್ನೂ ಮುಚ್ಚಿಡಬೇಡವೆಂದು ಒತ್ತಾಯಿಸಿದವನು ಏಲಿಯೇ. ಅದೇ ಏಲಿ ತನ್ನ ಮಕ್ಕಳ ದುರ್ನಡತೆಯ ದೂರುಗಳನ್ನೂ ಹಿಂದೆ ಕೇಳಿದ್ದ, ಗದರಿಸಿದ, ತಡೆಯಲಿಲ್ಲ. ಕೇಳಿಯೂ ತಡೆಯದೆ ಬಿಟ್ಟದ್ದೇ ಆ ಮನೆಯನ್ನು ಕೆಡಿಸಿತು.

ಆದ್ದರಿಂದ ಮುಂದಿನ ಅಭ್ಯಾಸದ ದಿನ ನೀವು ಬಾಯಿ ತೆರೆಯುವ ಮೊದಲು ತಂಡದ ಅತಿ ಕಿರಿಯನನ್ನು ಕೇಳಿ. ನಿಮ್ಮ ಅಭಿಪ್ರಾಯ ಹೊರಬಿದ್ದ ಮೇಲೆ ಉಳಿದವರು ಅದಕ್ಕೇ ತಲೆಯಾಡಿಸುತ್ತಾರೆ. ಅವನ ಸಲಹೆ ಒಪ್ಪಿಗೆಯಾಗದಿದ್ದರೆ ಕಾರಣವನ್ನು ಅವನಿಗೇ ಹೇಳಿ. ಟೈಮ್‌ಔಟ್‌ನಲ್ಲಿ, ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್‌ಗೆ ಒಂದೇ ಪ್ರಶ್ನೆ ಸಾಕು: ಎದುರಿನವರು ಬಲೆಯ ಬಳಿ ಒಡ್ಡುವ ಬ್ಲಾಕ್‌ನಲ್ಲಿ ನಿನಗೆ ಏನು ಕಾಣಿಸುತ್ತಿದೆ? ಉಳಿದ 20 ಸೆಕೆಂಡು ನಿಮ್ಮವು.