ಪಟ್ಟಿಯಲ್ಲಿ ಹೆಸರಿಲ್ಲ, ಮರಿ ಕೊಡಬಹುದಾ? ಪಶುವೈದ್ಯರ ಉತ್ತರ

ಪ್ರಶ್ನೆ: ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿದ್ದೇವೆ. ನಮ್ಮ ನಾಯಿಮರಿಯನ್ನು ಒಬ್ಬರು ಕೇಳಿದ್ದಾರೆ. ಪ್ರಾಣಿಹಿಂಸೆಗೆ ಶಿಕ್ಷೆಯಾದವರ ಸರ್ಕಾರಿ ಪಟ್ಟಿ ನೋಡಿದೆ, ಅವರ ಹೆಸರಿಲ್ಲ. ಕೊಡಬಹುದು ಅಲ್ವಾ ಡಾಕ್ಟ್ರೇ?

ಉತ್ತರ: ಈ ತಿಂಗಳಲ್ಲಿ ಇದೇ ಪ್ರಶ್ನೆ ನಾಲ್ಕನೇ ಸಲ. ಹೆಸರಿದ್ದರೆ ಕೊಡಬೇಡಿ. ಹೆಸರಿಲ್ಲದಿದ್ದರೆ ಅದರಿಂದ ನಿಮಗೆ ಏನೂ ಗೊತ್ತಾಗಲಿಲ್ಲ, ಅಷ್ಟೇ.

ಟೆನೆಸಿಯ ಪಟ್ಟಿ ಶುರುವಾದದ್ದೇ 2016ರ ಜನವರಿ 1ರಂದು. ಇಡೀ ರಾಜ್ಯಕ್ಕೆ ಇಂಥ ಪಟ್ಟಿ ಮಾಡಿದ್ದು ಅಮೆರಿಕದಲ್ಲಿ ಅದೇ ಮೊದಲು, ಒಳ್ಳೆಯ ಕೆಲಸ. ಆದರೆ ಮೊದಲ ಸಲ ಶಿಕ್ಷೆಯಾದವರ ಹೆಸರು ಅದರಲ್ಲಿರುವುದು 2 ವರ್ಷ. ಮತ್ತೆ ಸಿಕ್ಕಿಬಿದ್ದರೆ 5 ವರ್ಷ. ಆಮೇಲೆ ತೆಗೆಯುತ್ತಾರೆ. ಸಣ್ಣ ತಪ್ಪು ಒಪ್ಪಿಕೊಂಡು ಕೇಸು ಮುಗಿಸಿಕೊಂಡವರು ಪಟ್ಟಿಗೆ ಬರದೇ ಹೋಗಬಹುದು. ದೂರೇ ಕೊಡದ ಪ್ರಕರಣಗಳಂತೂ ಜಾಸ್ತಿ.

ಒಂದು ನಾಯಿ ನನ್ನ ಹತ್ತಿರ ಬಂದಿತ್ತು. ಕುತ್ತಿಗೆಯ ಕೂದಲು ಸರಿಸಿದರೆ, ಮರಿಯಿದ್ದಾಗ ಹಾಕಿದ ಬೆಲ್ಟು ಚರ್ಮದೊಳಗೆ ಹೂತುಹೋಗಿತ್ತು. ನಾಯಿ ಬೆಳೆಯಿತು, ಬೆಲ್ಟು ಸಡಿಲಿಸುವವರಿರಲಿಲ್ಲ. ಅದರ ಯಜಮಾನರ ಮೇಲೆ ಒಂದು ಕೇಸೂ ಇರಲಿಲ್ಲ.

ಹಾಗಾಗಿ ಮರಿಯನ್ನು ನೀವೇ ಎತ್ತಿಕೊಂಡು ಅವರ ಮನೆಗೆ ಹೋಗಿ. ಹಿತ್ತಿಲು ನೋಡಿ. ಮರದ ಸುತ್ತ ಹುಲ್ಲು ಸವೆದು ದುಂಡಗೆ ಬರೀ ಮಣ್ಣು ಕಂಡರೆ, ಅಲ್ಲಿ ನಾಯಿಯನ್ನು ದಿನವಿಡೀ ಸರಪಳಿಯಲ್ಲಿ ಕಟ್ಟುತ್ತಿದ್ದರಾ ಅಂತ ಕೇಳಿ. ಹಿಂದೆ ಸಾಕಿದ ನಾಯಿ ಏನಾಯಿತು? ಯಾವ ಡಾಕ್ಟರಿಗೆ ತೋರಿಸುತ್ತಿದ್ದರು? ಅವರ ಒಪ್ಪಿಗೆ ಪಡೆದು ಆ ಡಾಕ್ಟರಿಗೆ ಫೋನ್ ಮಾಡಿ. ಮನೆಗೆ ಬರಬೇಡಿ ಅನ್ನುವವರಿಗೆ ನಾನಂತೂ ಮರಿ ಕೊಡುವುದಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟರೆ ಪಟ್ಟಿಯಲ್ಲಿ ಹೆಸರು ಹುಡುಕಿಕೊಡುತ್ತಾರಂತೆ, ನಿಜವಾ?

ಉತ್ತರ: ಸುಮ್ನೆ ಮೋಸಹೋಗಬೇಡಿ. ಟೆನೆಸಿಯ ಪಟ್ಟಿಯನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

ಪ್ರಶ್ನೆ: ಕರ್ನಾಟಕದಲ್ಲಿ ಇಂಥ ಪಟ್ಟಿ ಇದೆಯಾ? ನಾಯಿಗೆ ಹೊಡೆದವನ ಫೋಟೋ ವಾಟ್ಸಾಪ್‌ನಲ್ಲಿ ಹಾಕಲಾ?

ಉತ್ತರ: ಪಟ್ಟಿ ಇಲ್ಲ. ಫೋಟೋ ಹಾಕಬೇಡಿ. ಆರೋಪಿ ಬೇರೆ, ಶಿಕ್ಷೆಯಾದವನು ಬೇರೆ. ವಿಡಿಯೋ ಇಟ್ಟುಕೊಂಡು ಠಾಣೆಗೆ ಹೋಗಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಬರೀ 10ರಿಂದ 50 ರೂಪಾಯಿ. ಪ್ರಾಣಿ ಸತ್ತಿದ್ದರೆ ಅಥವಾ ಅಂಗ ಊನವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮೂ ಸೇರಿಸಿ ಅಂತ ಪಟ್ಟುಹಿಡಿಯಿರಿ. ಅದರಲ್ಲಿ 5 ವರ್ಷದವರೆಗೆ ಜೈಲಿದೆ. ಶಿಕ್ಷೆಯಾದವನು ಮುಂದೆ ಪ್ರಾಣಿ ಸಾಕದಂತೆ ತಡೆಯಲು 1960ರ ಕಾಯ್ದೆಯ 29ನೇ ಕಲಮಿನಲ್ಲಿ ಕೋರ್ಟಿಗೆ ದಾರಿಯಿದೆ. ಅದನ್ನು ಕೇಳುವುದಕ್ಕೇ ಮರೆಯುತ್ತಾರೆ. ವಕೀಲರಿಗೆ ಮೊದಲೇ ಹೇಳಿಡಿ.